ಮೂತ್ರಪಿಂಡ ಸೋತ ಮುದಿ ಬೆಕ್ಕಿಗೆ ಮನೆಯ ಆಹಾರ

ಮೂತ್ರಪಿಂಡಗಳು ಸೋಲುತ್ತಿರುವ ಬೆಕ್ಕಿಗೆ ಮನೆಯಲ್ಲೇ ಬೇಯಿಸಿ ಹಾಕಬೇಕೆನ್ನುವವರು ಮೊದಲು ಪಶುವೈದ್ಯರಲ್ಲಿ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ, ಕ್ರಿಯಾಟಿನಿನ್ (ಮೂತ್ರಪಿಂಡಗಳು ಹೊರಹಾಕಬೇಕಾದ ತ್ಯಾಜ್ಯ), ರಂಜಕ (ಫಾಸ್ಫರಸ್), ಪೊಟ್ಯಾಸಿಯಂ ಹಾಗೂ ಕ್ಯಾಲ್ಸಿಯಂ ಎಷ್ಟಿವೆ ಎಂದು ತಿಳಿದುಕೊಳ್ಳಬೇಕು. ಒಂದು ಬೆಕ್ಕಿನಲ್ಲಿ ಪೊಟ್ಯಾಸಿಯಂ ಕುಸಿದಿದ್ದರೆ ಇನ್ನೊಂದರಲ್ಲಿ ಏರಿರಬಹುದು. ಆದ್ದರಿಂದ ಬೇರೆಯವರ ಬೆಕ್ಕಿಗೆ ಒಗ್ಗಿದ ಪಾಕವನ್ನು ಹಾಗೆಯೇ ಅನುಸರಿಸುವುದು ಸರಿಯಲ್ಲ.

ಈ ಆಹಾರದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ರಂಜಕದ ವಿಷಯದಲ್ಲಿ. ದುರ್ಬಲ ಮೂತ್ರಪಿಂಡಗಳು ಹೊರಹಾಕಲಾರದ ರಂಜಕ ರಕ್ತದಲ್ಲೇ ಉಳಿದು ರೋಗವನ್ನು ಬಲಪಡಿಸುವುದರಿಂದ, ಮೂಳೆ, ಯಕೃತ್ತಿನಂಥ ಒಳಾಂಗಗಳು, ಮುಳ್ಳುಸಹಿತವಾದ ಸಣ್ಣ ಮೀನು, ಚೀಸ್ ಮತ್ತು ಮೊಟ್ಟೆಯ ಹಳದಿಯನ್ನು ದೂರವಿಡುವುದು ಒಳ್ಳೆಯದು. ಬೇಯಿಸಿದ ಮೊಟ್ಟೆಯ ಬಿಳಿ ಭಾಗದಲ್ಲಿ ಉತ್ತಮ ಪ್ರೋಟೀನ್ ಇದ್ದು ರಂಜಕ ತೀರಾ ಕಡಿಮೆ. ನನ್ನ ದೃಷ್ಟಿಯಲ್ಲಿ ಈ ಅಡುಗೆಗೆ ಅದಕ್ಕಿಂತ ಉಪಯುಕ್ತವಾದ ಪದಾರ್ಥವಿಲ್ಲ. ಅದರ ಜೊತೆಗೆ ಮೂಳೆ ತೆಗೆದ ಕೋಳಿಮಾಂಸವನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಿದರೆ ರಂಜಕದ ಒಂದಂಶ ಅದರೊಂದಿಗೆ ಹೋಗುತ್ತದೆ. ಆದರೆ ಬೆಕ್ಕಿಗೆ ಅತ್ಯಗತ್ಯ ಪೋಷಕಾಂಶವಾದ ಟೌರಿನ್ ಕೂಡ ಆ ನೀರಿನಲ್ಲೇ ಹೋಗುತ್ತದೆ ಎಂಬುದನ್ನು ಮರೆಯಬಾರದು. ಟೌರಿನ್ ಇಲ್ಲದೆ ಬೆಕ್ಕಿನ ಕಣ್ಣು ಮತ್ತು ಹೃದಯ ಎರಡೂ ಕೆಡುತ್ತವೆ. ಆದ್ದರಿಂದ ವೈದ್ಯರು ಹೇಳಿದ ಪ್ರಮಾಣವನ್ನು ಅಡುಗೆ ತಣಿದ ಮೇಲೆ ಬೆರೆಸಬೇಕು. ಕ್ಯಾಲ್ಸಿಯಂ, ಬಿ ಗುಂಪಿನ ಜೀವಸತ್ವಗಳು ಮತ್ತು ಮೀನಿನೆಣ್ಣೆಯನ್ನೂ ಅವರ ಲೆಕ್ಕದಂತೆಯೇ ಸೇರಿಸಬೇಕು.

ಬೆಕ್ಕು ಮಾಂಸಾಹಾರಿಯೇ ಆಗಿರುವುದರಿಂದ ಪ್ರೋಟೀನನ್ನು ಮಿತಗೊಳಿಸಬಹುದೇ ಹೊರತು ಪೂರ್ತಿ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಸ್ನಾಯುಗಳು ಕರಗಿ ಬೆನ್ನಿನ ಮೂಳೆ ಕೈಗೆ ತಾಕತೊಡಗುತ್ತದೆ. ಬೇಕಾದ ಶಕ್ತಿಯ ಹೆಚ್ಚಿನ ಪಾಲು ಕೊಬ್ಬಿನಿಂದ ಬರಲಿ. ಉಪ್ಪು ಬೇಡ, ಈರುಳ್ಳಿ ಮತ್ತು ಬೆಳ್ಳುಳ್ಳಿಯಂತೂ ವಿಷ.

ಈ ರೋಗದಲ್ಲಿ ಮೂತ್ರದೊಂದಿಗೆ ನೀರು ಬಹಳವಾಗಿ ಹೋಗುವುದರಿಂದ, ಬಡಿಸುವ ಮುನ್ನ ಒಂದೆರಡು ಚಮಚ ಬೆಚ್ಚನೆಯ ನೀರನ್ನು ಕಲಸಿ ಆಹಾರವನ್ನು ಮೆತ್ತಗಾಗಿಸಿ. ಬೆಕ್ಕಿನ ಮೈಯಷ್ಟೇ ಬಿಸಿಯಿದ್ದರೆ ವಾಸನೆ ಮೇಲೆದ್ದು, ವಾಕರಿಕೆಯಿಂದ ಮುಖ ತಿರುಗಿಸುತ್ತಿದ್ದ ಬೆಕ್ಕು ಕೂಡ ತಟ್ಟೆಯ ಬಳಿ ಬರಬಹುದು. ಹಳೆಯ ಆಹಾರಕ್ಕೆ ಹೊಸದನ್ನು ಮೊದಲು ಚಿಟಿಕೆಯಷ್ಟು ಬೆರೆಸಿ, ಎರಡರಿಂದ ನಾಲ್ಕು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸುತ್ತ ಹೋಗಿ. ಹಸಿದರೆ ತಾನೇ ತಿನ್ನುತ್ತದೆ ಎಂದು ಕಾಯುವುದು ಅಪಾಯಕಾರಿ, ಏಕೆಂದರೆ ಕೆಲವೇ ದಿನ ಉಪವಾಸವಿದ್ದರೂ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರಬಹುದು. ಹೊಸ ಆಹಾರವನ್ನು ಮುಟ್ಟದಿದ್ದರೆ ಅದು ಒಪ್ಪುವ ಹಳೆಯ ಆಹಾರವನ್ನೇ ಕೊಡಿ. ಒಂದು ದಿನ ಪೂರ್ತಿ ಏನನ್ನೂ ತಿನ್ನದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಆಹಾರ ಪೂರ್ತಿ ಬದಲಾದ ಕೆಲವು ವಾರಗಳ ನಂತರ ರಕ್ತಪರೀಕ್ಷೆ ಮಾಡಿಸಿದಾಗ ರಂಜಕ ಇನ್ನೂ ಇಳಿಯದಿದ್ದರೆ, ಆಹಾರದಲ್ಲೇ ರಂಜಕವನ್ನು ಹಿಡಿದಿಡುವ ಔಷಧವನ್ನು ಊಟದೊಂದಿಗೆ ಕೊಡಬೇಕೇ ಎಂದು ವೈದ್ಯರನ್ನು ಕೇಳಿ.