ಎ/ಬಿ ಟೆಸ್ಟ್: ಡಿಸೈನ್‌ಗಿಂತ ಮೊದಲು ಲೆಕ್ಕ

ಎ/ಬಿ ಟೆಸ್ಟ್ ಅಂದರೆ ಪುಟದ ಹಳೆಯ ರೂಪವನ್ನು (ಎ) ಅರ್ಧ ಜನಕ್ಕೆ, ಬದಲಾಯಿಸಿದ ರೂಪವನ್ನು (ಬಿ) ಇನ್ನರ್ಧಕ್ಕೆ ತೋರಿಸಿ ಯಾವುದು ಗೆಲ್ಲುತ್ತದೆಂದು ನೋಡುವುದು. ಆನ್‌ಲೈನ್ ಅಂಗಡಿಗೆ ಇದನ್ನು ಮಾಡುವಾಗ ನಾನು ಮೊದಲು ತೆರೆಯುವುದು ಸ್ಯಾಂಪಲ್ ಸೈಜ್ ಕ್ಯಾಲ್ಕುಲೇಟರ್, ಅಂದರೆ ಟೆಸ್ಟ್‌ಗೆ ಎಷ್ಟು ಜನ ಬೇಕೆಂದು ಲೆಕ್ಕ ಹಾಕುವ ಸಾಧನ. ಪುಟಕ್ಕೆ ಬಂದವರಲ್ಲಿ ಈಗ ಶೇ 3ರಷ್ಟು ಜನ ಆರ್ಡರ್ ಮಾಡುತ್ತಿದ್ದಾರೆ, ಅದನ್ನು 3.6ಕ್ಕೆ ಏರಿಸಬೇಕು ಅಂತಿಟ್ಟುಕೊಳ್ಳಿ. ಶೇ 95 ಕಾನ್ಫಿಡೆನ್ಸ್ (ವ್ಯತ್ಯಾಸವೇ ಇಲ್ಲದಿದ್ದಾಗ ಸುಳ್ಳು ಗೆಲುವು ಕಾಣುವ ಸಾಧ್ಯತೆ ಶೇ 5), ಶೇ 80 ಪವರ್ (ಇಷ್ಟು ಏರಿಕೆ ನಿಜಕ್ಕೂ ಇದ್ದರೆ ಅದು ಸಿಕ್ಕಿಬೀಳುವ ಸಾಧ್ಯತೆ ಶೇ 80) ಹಾಕಿದರೆ ಒಂದೊಂದು ಪುಟಕ್ಕೂ ಸುಮಾರು 14,000 ಜನ ಬೇಕು. ದಿನಕ್ಕೆ 500 ಜನ ಬರುವ ಅಂಗಡಿಗೆ ಇದು ಎಂಟು ವಾರದ ಕೆಲಸ. ಅದೇ 3ರಿಂದ 4.5ಕ್ಕೆ ಏರುವಂಥ ಬದಲಾವಣೆಯಾದರೆ ಪುಟಕ್ಕೆ 2,500 ಜನ ಸಾಕು. ಹಾಗಾಗಿ ಚಿಕ್ಕ ಅಂಗಡಿಯವರು ಬಟನ್ ಬಣ್ಣದಂಥ ಸಣ್ಣ ಬದಲಾವಣೆಯ ತಂಟೆಗೆ ಹೋಗಲೇಬಾರದು. ಡೆಲಿವರಿ ಶುಲ್ಕ, ಮೊದಲ ಫೋಟೊ, ರಿಟರ್ನ್ ನಿಯಮ, ಫಾರ್ಮ್‌ನ ಉದ್ದ: ಕೈ ಹಾಕುವುದಾದರೆ ಇವಕ್ಕೆ ಹಾಕಿ.

ಲೆಕ್ಕ ಹತ್ತು ದಿನಕ್ಕೇ ಮುಗಿದರೂ 14 ದಿನ ಓಡಿಸುತ್ತೇನೆ. ವಾರಾಂತ್ಯದ ಗಿರಾಕಿಯೇ ಬೇರೆ, ಸಂಬಳದ ವಾರದ ಗಿರಾಕಿಯೇ ಬೇರೆ. ನಡುವೆ ಫಲಿತಾಂಶ ಇಣುಕಿ ನೋಡಿ, ಗೆದ್ದಂತೆ ಕಂಡ ಕೂಡಲೇ ನಿಲ್ಲಿಸುವುದು ದೊಡ್ಡ ಚಟ. ಹಾಗೆ ಐದು ಸಲ ನೋಡಿದರೆ ಸುಳ್ಳು ಗೆಲುವಿನ ಸಾಧ್ಯತೆ ಶೇ 5ರಿಂದ 14ರ ಆಸುಪಾಸಿಗೆ ಏರುತ್ತದೆ.

ದಿನಾ ನೋಡಬೇಕಾದ್ದು ಒಂದೇ: ಜನ ಸರಿಯಾಗಿ ಅರ್ಧರ್ಧ ಹಂಚಿಹೋಗುತ್ತಿದ್ದಾರಾ ಅಂತ. ಒಂದು ಪುಟಕ್ಕೆ 10,000 ಜನ, ಇನ್ನೊಂದಕ್ಕೆ 10,050 ಇದ್ದರೆ ಚಿಂತೆಯಿಲ್ಲ. 10,400 ಆದರೆ ಎಲ್ಲೋ ಎಡವಟ್ಟಾಗಿದೆ, ಆ ಫಲಿತಾಂಶವನ್ನು ನಂಬುವುದಿಲ್ಲ. ಸಾಮಾನ್ಯವಾಗಿ ಬಿ ಪುಟಕ್ಕೆ ರೀಡೈರೆಕ್ಟ್ ಆಗುವಾಗಲೇ, ಅಂದರೆ ಬೇರೆ ವಿಳಾಸಕ್ಕೆ ದಾಟುವಾಗಲೇ, ನಿಧಾನದ ನೆಟ್‌ವರ್ಕ್‌ನವರು ಬಿಟ್ಟುಹೋಗಿರುತ್ತಾರೆ. ಇನ್ನೊಂದು ತೊಡಕು ಇನ್‌ಸ್ಟಾಗ್ರಾಮ್‌ನದು. ಯಾರಿಗೆ ಯಾವ ಪುಟ ತೋರಿಸಿದೆವೆಂದು ನೆನಪಿಡುವುದು ಬ್ರೌಸರ್‌ನಲ್ಲಿ ಉಳಿಯುವ ಕುಕಿ ಎಂಬ ಪುಟ್ಟ ಗುರುತು; ಆ್ಯಪ್‌ನೊಳಗಿನ ಬ್ರೌಸರ್‌ನ ಕುಕಿ ಕ್ರೋಮ್‌ಗೆ ಸಿಗುವುದಿಲ್ಲ. ಜಾಹೀರಾತು ಒತ್ತಿ ಎ ನೋಡಿದವರೇ ಸಂಜೆ ಕ್ರೋಮ್‌ನಲ್ಲಿ ಬಿ ನೋಡಿ ಕೊಂಡರೆ ಲೆಕ್ಕ ಕಲಸುಮೇಲೋಗರ. ಲಾಗಿನ್ ಇದ್ದರೆ ಮೊಬೈಲ್ ಸಂಖ್ಯೆಯ ಆಧಾರದ ಮೇಲೇ ಹಂಚುವುದು ಒಳ್ಳೆಯದು.

ಯಾವುದನ್ನು ಎಣಿಸಬೇಕು ಅನ್ನುವುದರಲ್ಲಿ ನಮ್ಮ ಮಾರುಕಟ್ಟೆಯದೇ ಒಂದು ಗೋಜಲಿದೆ: ಕ್ಯಾಶ್ ಆನ್ ಡೆಲಿವರಿ. ‘ಈಗ ಆರ್ಡರ್ ಮಾಡಿ, ಸೀರೆ ಕೈಗೆ ಬಂದ ಮೇಲೆ ದುಡ್ಡು ಕೊಡಿ’ ಎಂದು ಬಟನ್ ಮೇಲೇ ಬರೆದರೆ ಆರ್ಡರ್ ಏರಬಹುದು, ಬಾಗಿಲಿಂದಲೇ ವಾಪಸಾಗುವ ಪಾರ್ಸೆಲ್ಲೂ ಜೊತೆಗೇ ಏರಬಹುದು. ಹೋಗಿಬರುವ ಕೊರಿಯರ್ ಖರ್ಚು ಬೀಳುವುದು ಅಂಗಡಿಯವರ ತಲೆಗೇ. ಅದಕ್ಕೇ ಆರ್ಡರ್ ಐಡಿಯ ಪಕ್ಕ ಎ ಅಥವಾ ಬಿ ಎಂದು ದಾಖಲಿಸಿ, ಟೆಸ್ಟ್ ನಿಲ್ಲಿಸಿದ ಮೇಲೂ ಕೊನೆಯ ಪಾರ್ಸೆಲ್‌ಗಳು ತಲುಪುವವರೆಗೆ ಕಾಯುತ್ತೇನೆ. ಗೆದ್ದಿದ್ದು ಯಾವುದೆಂದು ತೀರ್ಮಾನಿಸುವುದು ಹಣ ಕೈಸೇರಿದ ಆರ್ಡರ್‌ಗಳ ಮೇಲೆ.