ಶೂನ್ಯ ಟಿಕೆಟ್ಟಿಗೂ ನಾಲ್ಕು ಸೆಕೆಂಡು

ಬಳ್ಳಾರಿಯ ನಗರ ಸಾರಿಗೆ ಬಸ್ಸಿನಲ್ಲಿ ನಾನು ನಿರ್ವಾಹಕ. ಕಾಗದದ ಟಿಕೆಟ್ ಕಟ್ಟುಗಳ ಕಾಲ ಮುಗಿಯುತ್ತ ಬಂದಾಗ ಕೆಲಸಕ್ಕೆ ಸೇರಿದವನು. ಬಣ್ಣಬಣ್ಣದ ಕಟ್ಟುಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು, ಬೆರಳು ಒದ್ದೆ ಮಾಡಿ ಹರಿದು, ಪಂಚ್ ಒತ್ತಿ ಕೊಡುತ್ತಿದ್ದೆವು. ಆಮೇಲೆ ಕೈಗೆ ಇಟಿಎಂ, ಅಂದರೆ ಟಿಕೆಟ್ ಮುದ್ರಿಸುವ ಯಂತ್ರ ಬಂತು. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಯಾಯಿತು. ಅದರ ಹಿಂದೆಯೇ ಯುಪಿಐ. ಪ್ರತಿ ಸಲವೂ ‘ಇನ್ನು ನಿನ್ನ ಕೆಲಸ ಹಗುರ ಬಿಡಪ್ಪಾ’ ಎಂದು ಹೇಳಿದವರಿದ್ದಾರೆ. ಹೇಳಿದವರಲ್ಲಿ ಒಬ್ಬರೂ ಬೆಳಗಿನ ಒಂಬತ್ತಕ್ಕೆ ರಾಯಲ್ ವೃತ್ತದಲ್ಲಿ ನಮ್ಮ ಬಸ್ಸು ಹತ್ತಿದವರಲ್ಲ.

ಹಳ್ಳಿಯ ಮಾರ್ಗದಲ್ಲಿ ಒಂದು ಸ್ಟೇಜಿನಿಂದ (ದರದ ಲೆಕ್ಕ ಹಿಡಿಯುವ ನಿಲುಗಡೆ) ಇನ್ನೊಂದಕ್ಕೆ ಹತ್ತು ನಿಮಿಷ ಸಿಗುತ್ತದೆ. ನಗರದಲ್ಲಿ ಎರಡೋ ಮೂರೋ ನಿಮಿಷ. ಅಷ್ಟರೊಳಗೆ ಹತ್ತಿದವರಿಗೆಲ್ಲ ಟಿಕೆಟ್ ಮುಗಿಯಬೇಕು. ಮುಂದಿನ ನಿಲುಗಡೆಯಲ್ಲಿ ತನಿಖೆಯವರು ಹತ್ತಿದರೆ, ಟಿಕೆಟ್ ಇಲ್ಲದ ಪ್ರಯಾಣಿಕನಿಗೆ ದಂಡ, ನನಗೆ ವಿವರಣೆ ಕೇಳಿ ನೋಟಿಸು. ಹಾಗಾಗಿ ಯಾವ ಹೊಸ ಪದ್ಧತಿ ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಒಬ್ಬರಿಗೆ ಎಷ್ಟು ಸೆಕೆಂಡು?

ಪದವಿ ಓದುತ್ತಿರುವ ಮಗಳು ಒಂದು ದಿನ ಹಿಂದಿನ ಸೀಟಿನಲ್ಲಿ ಕುಳಿತು, ಮೊಬೈಲಿನಲ್ಲಿ ಸಮಯ ಹಿಡಿದಳು. ಪಾಸು ತೋರಿಸುವವರಿಗೆ ಎರಡು ಸೆಕೆಂಡು. ಗುರುತಿನ ಚೀಟಿ ಕೈಯಲ್ಲೇ ಹಿಡಿದ ಮಹಿಳೆಯ ಶೂನ್ಯ ಟಿಕೆಟ್ಟಿಗೆ ನಾಲ್ಕು. ಸರಿಯಾದ ಚಿಲ್ಲರೆ ಕೊಟ್ಟವರಿಗೆ ಆರು. ನೂರರ ನೋಟು ಚಾಚಿದವರಿಗೆ ಹದಿನೈದು. ಯುಪಿಐಗೆ ಒಳ್ಳೆಯ ಗಳಿಗೆಯಲ್ಲಿ ಹತ್ತು, ಕೆಟ್ಟ ಗಳಿಗೆಯಲ್ಲಿ ಐವತ್ತು. ‘ಅಪ್ಪಾ, ಎಲ್ಲಕ್ಕಿಂತ ಹಳೆಯದೇ ಎಲ್ಲಕ್ಕಿಂತ ಚುರುಕು’ ಎಂದು ನಕ್ಕಳು. ಒಂದು ದಿನದ ಲೆಕ್ಕ ಅದು, ಸಂಶೋಧನೆಯೇನಲ್ಲ. ಆದರೆ ನನ್ನ ಕೆಲಸದ ಕ್ರಮವನ್ನು ನಾನು ಬದಲಿಸಿಕೊಂಡದ್ದು ಆ ಲೆಕ್ಕ ನೋಡಿದ ಮೇಲೆ.

ಶೂನ್ಯ ಟಿಕೆಟ್ಟಿನಿಂದಲೇ ಶುರು ಮಾಡುತ್ತೇನೆ. ‘ಬಿಟ್ಟಿ ಅಂದ ಮೇಲೆ ಚೀಟಿ ಯಾಕೆ?’ ಎಂದು ಮೊದಲ ತಿಂಗಳು ಎಲ್ಲರೂ ಕೇಳಿದರು. ಆ ಚೀಟಿಯಲ್ಲಿ ಮಹಿಳೆ ಹತ್ತಿದ ಸ್ಟೇಜು, ಇಳಿಯುವ ಸ್ಟೇಜು ಎರಡೂ ದಾಖಲಾಗುತ್ತವೆ. ಅದರ ಮೌಲ್ಯವನ್ನು ಸರ್ಕಾರ ನಿಗಮಕ್ಕೆ ಭರಿಸುತ್ತದೆ. ಪ್ರಯಾಣಿಕಳ ಪಾಲಿಗೆ ಸೊನ್ನೆಯಾದರೂ ಲೆಕ್ಕದ ಪುಸ್ತಕದಲ್ಲಿ ಅದು ಹಣವೇ. ಇದು ನನಗೆ ಮೊದಲು ಸರಿಯಾಗಿ ತಲೆಗೆ ಹತ್ತಿರಲಿಲ್ಲ. ಜನಸಂದಣಿಯಲ್ಲಿ ಎಲ್ಲಿಗೆ ಎಂದು ಕೇಳುವ ವ್ಯವಧಾನವಿಲ್ಲದೆ, ಕೆಲವು ದಿನ ಹತ್ತಿದ ಹೆಂಗಸರಿಗೆಲ್ಲ ಕೊನೆಯ ನಿಲುಗಡೆಗೇ ಟಿಕೆಟ್ ಹೊಡೆದುಬಿಟ್ಟೆ. ಹೇಗೂ ಸೊನ್ನೆ ತಾನೆ? ಒಬ್ಬ ಹಿರಿಯ ತನಿಖಾಧಿಕಾರಿ ಟಿಕೆಟ್ ನೋಡಿ, ಪಕ್ಕಕ್ಕೆ ಕರೆದು, ‘ಮೋತಿ ವೃತ್ತಕ್ಕೆ ಇಳಿಯುವವಳಿಗೆ ಕೊನೆಯ ಸ್ಟೇಜಿನ ಟಿಕೆಟ್ ಕೊಟ್ಟೆ ಎಂದರೆ, ಪ್ರಯಾಣ ಮಾಡದ ದಾರಿಗೆ ಬಿಲ್ಲು ಬರೆದೆ ಎಂದರ್ಥ’ ಎಂದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ನೆನಪಿನಲ್ಲಿ ಉಳಿಯುತ್ತಿರಲಿಲ್ಲವೇನೋ. ಅಂದಿನಿಂದ ಎಷ್ಟೇ ನೂಕುನುಗ್ಗಲಿದ್ದರೂ ಎಲ್ಲಿಗೆ ಎಂದು ಕೇಳಿಯೇ ಗುಂಡಿ ಒತ್ತುತ್ತೇನೆ.

ಬಳ್ಳಾರಿಗೆ ಎಷ್ಟೋ ಊರುಗಳಿಗಿಲ್ಲದ ಒಂದು ತೊಡಕಿದೆ, ಗಡಿ. ಇಲ್ಲಿನ ಅರ್ಧ ಮನೆಗಳಿಗೆ ಆಂಧ್ರದ ಆಲೂರು, ಆದೋನಿ, ಗುಂತಕಲ್ಲು, ರಾಯದುರ್ಗದ ಸೊಸೆಯಂದಿರು ಬಂದಿದ್ದಾರೆ. ಮದುವೆಯಾಗಿ ಹತ್ತು ವರ್ಷ ಕಳೆದಿರುತ್ತದೆ, ಮಕ್ಕಳು ಕನ್ನಡ ಶಾಲೆಗೆ ಹೋಗುತ್ತಿರುತ್ತಾರೆ, ಆಧಾರ್‌ನಲ್ಲಿ ಮಾತ್ರ ತವರಿನ ವಿಳಾಸ. ಯೋಜನೆ ಕರ್ನಾಟಕದ ನಿವಾಸಿಗಳಿಗೆ. ನಾನು ನೋಡಬೇಕಾದದ್ದು ಗುರುತಿನ ಚೀಟಿಯ ಮೇಲಿನ ವಿಳಾಸ. ಕೌಲ್ ಬಜಾರಿನಲ್ಲಿ ದಿನವೂ ಹತ್ತುವ ಒಬ್ಬ ಹೆಣ್ಣುಮಗಳಿಗೆ ಮೊದಲ ದಿನ ದುಡ್ಡು ಕೇಳಿದಾಗ, ಆಕೆ ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದ ಬೈಗುಳವನ್ನು ಇಡೀ ಬಸ್ಸು ಕೇಳಿತು. ನಾನು ಟಿಕೆಟ್ ಕೊಟ್ಟು, ಹಣ ತೆಗೆದುಕೊಂಡು, ‘ಅಕ್ಕಾ, ಗಂಡನ ಮನೆಯ ವಿಳಾಸದ ದಾಖಲೆ ಹಿಡಿದು ಆಧಾರ್ ಕೇಂದ್ರಕ್ಕೆ ಒಮ್ಮೆ ಹೋಗಿ ಬಾ, ಈ ಜಗಳ ಇರುವುದಿಲ್ಲ’ ಎಂದೆ. ತಿಂಗಳಾದ ಮೇಲೆ ಹೊಸ ಕಾರ್ಡನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ತೋರಿಸಿದಳು. ಈಗ ಆಂಧ್ರದಲ್ಲೂ 2025ರ ಆಗಸ್ಟ್ 15ರಿಂದ ಸ್ತ್ರೀ ಶಕ್ತಿ ಎಂಬ ಇಂಥದೇ ಯೋಜನೆ ನಡೆದಿದೆ. ವಿಳಾಸ ಬದಲಿಸಿದ್ದಕ್ಕೆ ತವರಿಗೆ ಹೋದಾಗ ಅಲ್ಲಿ ದುಡ್ಡು ಕೊಡಬೇಕಾಯಿತು ಎಂದು ಮೊನ್ನೆ ಅದಕ್ಕೂ ನನ್ನನ್ನೇ ಬೈದಳು.

ಶಕ್ತಿ ಯೋಜನೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ. ಒಂದು ಮಂಗಳವಾರ ಹುಲಿಗಿಗೆ ಹೊರಟ ಜೋಗತಿಯೊಬ್ಬರು ತಲೆಯ ಮೇಲೆ ಕೊಡ ಹೊತ್ತು ಹತ್ತಿದರು. ಆಧಾರ್‌ನಲ್ಲಿ ‘ಪುರುಷ’ ಎಂದಿತ್ತು. ಕಾರ್ಡನ್ನೂ ಮುಖವನ್ನೂ ಎರಡು ಸಲ ನೋಡಿದೆ. ಅವರು ನೋಡಿಸಿಕೊಂಡು ಸುಮ್ಮನೆ ನಿಂತರು. ಶೂನ್ಯ ಟಿಕೆಟ್ ಕೊಟ್ಟೆ. ತನಿಖೆಯವರು ಕೇಳಿದ್ದರೆ ಏನು ಹೇಳುತ್ತಿದ್ದೆನೋ, ಅವತ್ತು ಯಾರೂ ಹತ್ತಲಿಲ್ಲ.

ಇನ್ನು ಯುಪಿಐ. ಎರಡು ಬಗೆಯ ಕ್ಯುಆರ್ ಬಳಸಿದ್ದೇನೆ: ಕೊರಳಿಗೆ ನೇತುಹಾಕಿಕೊಳ್ಳುವ ಅಚ್ಚಿನ ಕಾರ್ಡಿನದು ಒಂದು, ಯಂತ್ರದ ಪರದೆಯ ಮೇಲೆ ಮೊತ್ತದೊಂದಿಗೆ ಮೂಡುವುದು ಇನ್ನೊಂದು. ಯಂತ್ರದ್ದು ನಂಬಿಕೆಗೆ ಒಳ್ಳೆಯದು. ಹಣ ಬಂದರೆ ಯಂತ್ರವೇ ಹೇಳುತ್ತದೆ, ಟಿಕೆಟ್ ತಾನಾಗಿ ಬರುತ್ತದೆ. ಆದರೆ ಹಣ ಬರುವ ತನಕ ಯಂತ್ರ ಅದೊಂದೇ ವ್ಯವಹಾರಕ್ಕೆ ಕಟ್ಟಿಬಿದ್ದಿರುತ್ತದೆ. ಒಬ್ಬ ಹುಡುಗ ಪಿನ್ ನೆನಪಿಸಿಕೊಳ್ಳುತ್ತ ನಿಂತರೆ, ಅವನ ಹಿಂದಿನ ಹತ್ತು ಜನರಿಗೆ ಟಿಕೆಟ್ ಇಲ್ಲ. ಅಚ್ಚಿನ ಕಾರ್ಡಿನದು ಇದಕ್ಕೆ ತಿರುಗಾ ಮುರುಗಾ. ಅವರು ಸ್ಕ್ಯಾನ್ ಮಾಡುತ್ತಿರಲಿ ಎಂದು ನಾನು ಪಕ್ಕದವರಿಗೆ ಟಿಕೆಟ್ ಕೊಡಬಹುದು, ಆದರೆ ಹಣ ಬಂತೆಂದು ನಂಬುವುದು ಅವರ ಮೊಬೈಲಿನ ಪರದೆ ನೋಡಿಯೇ. ಹಳೆಯ ಪಾವತಿಯ ಚಿತ್ರ ತೋರಿಸಿ ಇಳಿದು ಹೋದವರೂ ಇದ್ದಾರೆ. ಹಸಿರು ಗುರುತು ನೋಡಿದರೆ ಸಾಲದು, ಗಂಟೆ ನಿಮಿಷ ನೋಡಬೇಕು ಎಂಬುದನ್ನು ನಾನು ಕಲಿತದ್ದು ಹಾಗೆ.

ಪೆಟ್ಟು ಬಿದ್ದದ್ದು ಬೇರೆ ಕಡೆ. ವಿಮ್ಸ್ ಎದುರು ಹತ್ತಿದ ಒಂದು ಕುಟುಂಬ ನಾಲ್ಕು ಟಿಕೆಟ್ಟಿನ ಹಣ ಕಳಿಸಿತು. ಅವರ ಮೊಬೈಲಿನಲ್ಲಿ ಹಣ ಕಡಿತವಾದ ಸಂದೇಶ ಬಂತು. ನನ್ನ ಕಡೆ ಏನೂ ಬರಲಿಲ್ಲ. ಆಸ್ಪತ್ರೆಯಿಂದ ಬಂದವರು, ಕೈಯಲ್ಲಿ ಎಕ್ಸ್‌ರೇ ಚೀಲ. ಯುಪಿಐ ಎಂದೇ ನಮೂದಿಸಿ ಟಿಕೆಟ್ ಕೊಟ್ಟೆ. ರಾತ್ರಿ ಡಿಪೊದಲ್ಲಿ ವೇ ಬಿಲ್ಲು, ಅಂದರೆ ದಿನದ ಟಿಕೆಟ್ ಲೆಕ್ಕದ ಹಾಳೆ ಕೂಡಿಸಿದಾಗ ಅಷ್ಟೂ ಹಣ ಕಡಿಮೆ. ಒಟ್ಟು ಆದಾಯದಿಂದ ಯುಪಿಐ ಮೊತ್ತ ಕಳೆದು ಉಳಿದದ್ದನ್ನು ನಾನು ನಗದಾಗಿ ಕಟ್ಟಬೇಕು. ಬಾರದ ಯುಪಿಐ ನನ್ನ ಜೇಬಿನಿಂದ ಹೋಯಿತು. ಹೀಗೆ ಖಾತೆಯಿಂದ ಕಡಿತವಾಗಿ ವ್ಯಾಪಾರಿಗೆ ತಲುಪದ ಯುಪಿಐ ಹಣ ಐದು ದಿನದೊಳಗೆ ತಾನಾಗಿ ಗ್ರಾಹಕರಿಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ಆ ಕುಟುಂಬಕ್ಕೆ ಹಣ ಮರಳಿರುತ್ತದೆ. ಅವರಿಗೆ ಗೊತ್ತೂ ಆಗಿರಲಿಕ್ಕಿಲ್ಲ. ಈಗ ಅಂಥ ಸಂದರ್ಭದಲ್ಲಿ ಈ ನಿಯಮವನ್ನೇ ಹೇಳಿ, ‘ಅಣ್ಣಾ, ಆ ಹಣ ನಿಮಗೆ ವಾಪಸು ಬರುತ್ತದೆ, ಈಗ ನಗದು ಕೊಡಿ’ ಎನ್ನುತ್ತೇನೆ. ಕೊಡುವವರು ಕೊಡುತ್ತಾರೆ. ಉಳಿದವರೊಡನೆ ಮುಂದಿನ ನಿಲುಗಡೆಯವರೆಗೂ ವಾದ.

ಇದೆಲ್ಲ ಆದ ಮೇಲೆ ನಾನು ಹಿಡಿದ ಕ್ರಮ ಹೀಗಿದೆ. ಬಸ್ಸು ಹೊರಡುವ ಮುಂಚೆಯೇ, ನಿಲ್ದಾಣದಲ್ಲಿ ನಿಂತಾಗಲೇ ಮೊಬೈಲಿನವರ ಟಿಕೆಟ್ ಮುಗಿಸುತ್ತೇನೆ. ನಿಂತ ಬಸ್ಸಿನಲ್ಲಿ ನೆಟ್‌ವರ್ಕ್ ಸಿಗುತ್ತದೆ, ಕೈ ಅಲುಗುವುದಿಲ್ಲ. ನಡುದಾರಿಯಲ್ಲಿ ಹತ್ತುವವರ ಪೈಕಿ ಮೊದಲು ಪಾಸಿನವರು ಮತ್ತು ಮಹಿಳೆಯರು, ಆಮೇಲೆ ನಗದು, ಕೊನೆಗೆ ಮೊಬೈಲು. ‘ಮೊಬೈಲಿನವರು ಆ್ಯಪ್ ತೆರೆದು ಇಟ್ಟುಕೊಳ್ಳಿ’ ಎಂದು ಬಾಗಿಲಲ್ಲೇ ಒಂದು ಕೂಗು. ದುರ್ಗಮ್ಮನ ಗುಡಿ ಹತ್ತಿರದ ರೈಲ್ವೆ ಕೆಳಸೇತುವೆಗೆ ಇಳಿಯುವಾಗ ನೆಟ್‌ವರ್ಕ್ ಸಿಗದು, ಯಾರಿಗೂ ಕ್ಯುಆರ್ ತೋರಿಸುವುದಿಲ್ಲ. ಕಂಟೋನ್ಮೆಂಟ್ ಕಡೆ ವಿಶ್ವವಿದ್ಯಾಲಯಕ್ಕೆ ಹೋಗುವ ಹುಡುಗರಿಗೆ ಯುಪಿಐ ಲೈಟ್ ಹಾಕಿಕೊಳ್ಳಲು ಹೇಳಿಕೊಟ್ಟಿದ್ದೇನೆ. ಸಣ್ಣ ಮೊತ್ತಕ್ಕೆ ಪಿನ್ ಬೇಡ, ಅಷ್ಟರಲ್ಲೇ ಮೂರು ನಾಲ್ಕು ಸೆಕೆಂಡು ಉಳಿಯುತ್ತದೆ. ನಿರ್ವಾಹಕನಿಂದ ಬ್ಯಾಂಕಿನ ಪಾಠ ಕೇಳುವುದು ಅವರಿಗೆ ತಮಾಷೆ. ನನಗೆ ಅವರ ಸೆಕೆಂಡು ಮುಖ್ಯ.

ಬಳ್ಳಾರಿಯ ಬಿಸಿಲನ್ನು ಈ ಯಂತ್ರಗಳನ್ನು ಮಾಡಿದವರು ಕಂಡಿರಲಾರರು. ಟಿಕೆಟ್ ರೋಲು ಶಾಖಕ್ಕೆ ಕಪ್ಪಾಗುವ ಕಾಗದ. ಅಕ್ಷರ ಮೂಡುವುದೂ ಶಾಖದಿಂದಲೇ. ಏಪ್ರಿಲಿನ ಒಂದು ಮಧ್ಯಾಹ್ನ ಚಾಲಕನ ಪಕ್ಕದ ಎಂಜಿನ್ ಬಾನೆಟ್ಟಿನ ಮೇಲೆ ಹೊಸ ರೋಲು ಇಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ತಳವೆಲ್ಲ ಕಾಡಿಗೆ ಬಳಿದಂತಾಗಿತ್ತು. ಈಗ ರೋಲುಗಳು ಊಟದ ಡಬ್ಬಿಯ ಚೀಲದಲ್ಲಿ, ಮಜ್ಜಿಗೆ ಬಾಟಲಿಯ ಪಕ್ಕ ಇರುತ್ತವೆ. ಕ್ಯುಆರ್ ಕಾರ್ಡಿಗೆ ಹೊಳೆಯುವ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಕಿಟಕಿಯ ಬೆಳಕು ಬಿದ್ದು ಸ್ಕ್ಯಾನ್ ಆಗುವುದಿಲ್ಲ. ನನ್ನ ಬೆನ್ನನ್ನು ಕಿಟಕಿಗೆ ಕೊಟ್ಟು ನೆರಳು ಮಾಡಿ ತೋರಿಸುತ್ತೇನೆ.

ಪಾಸಿನವರ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಅವರಿಂದ ತೊಂದರೆಯೇ ಕಡಿಮೆ. ಒಂದು ವಿಷಯ ಮಾತ್ರ. ಅಂಗವಿಕಲರ ರಿಯಾಯಿತಿ ಪಾಸಿಗೆ ವರ್ಷಕ್ಕೆ 660 ರೂಪಾಯಿ, ವಾಸಸ್ಥಳದಿಂದ 100 ಕಿಲೋಮೀಟರ್ ತನಕ ಓಡಾಡಬಹುದು. ಡಿಸೆಂಬರ್ 31ಕ್ಕೆ ಅವಧಿ ಮುಗಿದರೂ ಹಳೆಯ ಪಾಸನ್ನು ಫೆಬ್ರುವರಿ ಕೊನೆಯವರೆಗೆ ಮಾನ್ಯ ಮಾಡುತ್ತ ಬಂದಿದ್ದಾರೆ. ನವೀಕರಣಕ್ಕೆ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಆ ಎರಡು ತಿಂಗಳ ರಿಯಾಯಿತಿಯೇ ಹಲವರಿಗೆ ಮುಳುವಾಗುತ್ತದೆ, ನಾಳೆ ನಾಡಿದ್ದು ಎನ್ನುತ್ತ ಮಾರ್ಚ್ ಬಂದುಬಿಡುತ್ತದೆ. ಹೊಲಿಗೆ ಕೆಲಸಕ್ಕೆ ಹೋಗುವ ಒಬ್ಬರು, ಊರುಗೋಲಿನವರು, ಒಂದು ಮಾರ್ಚ್ ಮೊದಲ ವಾರ ಹಳೆಯ ಪಾಸು ಚಾಚಿದರು. ಅದು ನಡೆಯುವುದಿಲ್ಲ ಎಂದು ಹೇಳಿ ಹಣ ಪಡೆಯಬೇಕಾಯಿತು. ಆಮೇಲಿನ ವರ್ಷಗಳಲ್ಲಿ ಸಂಕ್ರಾಂತಿ ಕಳೆದ ಮರುದಿನದಿಂದ ನನ್ನ ಬಸ್ಸಿನ ಪಾಸಿನವರನ್ನೆಲ್ಲ ಕೇಳುತ್ತೇನೆ: ‘ಅರ್ಜಿ ಹಾಕಿದಿರಾ?’ ಹೂಂ ಎನ್ನುವವರೆಗೆ ಬಿಡುವುದಿಲ್ಲ.

ತಮ್ಮ ಬೆಂಗಳೂರಿನಲ್ಲಿದ್ದಾನೆ. ಅವನ ಜತೆ ಮೆಟ್ರೊದಲ್ಲಿ ಹೋದಾಗ ಗೇಟಿಗೆ ಕಾರ್ಡು ತಾಗಿಸಿ ಜನ ಹರಿದು ಹೋಗುವುದನ್ನು ಕಂಡು ಹೊಟ್ಟೆಕಿಚ್ಚಾಯಿತು. ಅವನ ಹತ್ತಿರ ಇದ್ದದ್ದು 2019ರಲ್ಲಿ ಕೇಂದ್ರ ಸರ್ಕಾರ ತಂದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡು. ಪ್ರಯಾಣದ ಹಣ ಕಾರ್ಡಿನ ಚಿಪ್ಪಿನಲ್ಲೇ ತುಂಬಿರುತ್ತದೆ, 2,000 ರೂಪಾಯಿಯ ತನಕ. ತಾಗಿಸಿದಾಗ ಚಿಪ್ಪಿನಿಂದಲೇ ಕಡಿತವಾಗುವುದರಿಂದ ಆ ಕ್ಷಣಕ್ಕೆ ನೆಟ್‌ವರ್ಕ್ ಬೇಕಿಲ್ಲ. ನಮ್ಮ ಕೆಳಸೇತುವೆಯಲ್ಲೂ ನಡೆಯುವ ಉಪಾಯ ಎಂದುಕೊಂಡೆ. ವಾಪಸು ಬರುವಾಗ ರೈಲಿನಲ್ಲಿ ಯೋಚಿಸಿದರೆ ತೊಡಕು ಕಂಡಿತು. ಮೆಟ್ರೊದಲ್ಲಿ ಇಳಿದ ಮೇಲೂ ಗೇಟಿದೆ, ಎಷ್ಟು ದೂರ ಬಂದೆ ಎಂದು ಅಲ್ಲಿ ಗೊತ್ತಾಗುತ್ತದೆ. ಲಂಡನ್ನಿನ ಬಸ್ಸುಗಳು 2014ರ ಜುಲೈನಿಂದ ನಗದನ್ನೇ ಬಿಟ್ಟಿವೆ. ಅಲ್ಲಿ ಎಲ್ಲಿ ಇಳಿದರೂ ಒಂದೇ ದರ, ಹತ್ತುವಾಗ ಒಮ್ಮೆ ತಾಗಿಸಿದರೆ ಮುಗಿಯಿತು. ನಮ್ಮದು ಸ್ಟೇಜಿನ ದರ. ಕಾರ್ಡು ಬಂದರೂ ಯಾರಾದರೂ ಎಲ್ಲಿಗೆ ಎಂದು ಕೇಳಲೇಬೇಕು, ಇಲ್ಲವೆ ಇಳಿಯುವಾಗಲೂ ತಾಗಿಸಬೇಕು. ಸುಧಾ ಕ್ರಾಸಿನಲ್ಲಿ ರೈಲ್ವೆ ಗೇಟು ಹಾಕಿದ ಕೂಡಲೇ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಧುಮುಕುವ ನಮ್ಮ ಜನ ಕಾರ್ಡು ತಾಗಿಸಿ ಇಳಿಯುವುದನ್ನು ಕಣ್ಣಿಗೆ ತಂದುಕೊಳ್ಳಲು ನೋಡಿದೆ. ಆಗಲಿಲ್ಲ.

ಮೊಬೈಲಿನಿಂದ ಆದ ಒಂದು ಬದಲಾವಣೆಯನ್ನು ನಾನು ಎಣಿಸಿರಲಿಲ್ಲ. ಚೀಲದಲ್ಲಿ ಚಿಲ್ಲರೆ ಇಲ್ಲ. ಸರಿಯಾದ ಚಿಲ್ಲರೆ ಕೊಡುತ್ತಿದ್ದ ಹುಡುಗರೆಲ್ಲ ಮೊಬೈಲಿಗೆ ಹೋದರು. ನೂರು, ಇನ್ನೂರರ ನೋಟಿನ ಹಿರಿಯರು ಉಳಿದರು. ಅವರಲ್ಲಿ 60 ದಾಟಿದವರಿಗೆ ಶೇ 25 ರಿಯಾಯಿತಿ ಬೇರೆ. 2025ರ ಜನವರಿ 5ರಿಂದ ದರ ಶೇ 15ರಷ್ಟು ಏರಿದಾಗ ಬಾಯಿಪಾಠವಾಗಿದ್ದ ಸ್ಟೇಜು ದರಗಳೆಲ್ಲ ಕೆಟ್ಟು, ಒಂದೊಂದು ನಾಣ್ಯಕ್ಕೂ ತಡಕಾಡುವಂತಾಯಿತು. ಟಿಕೆಟ್ಟಿನ ಹಿಂದೆ ಬಾಕಿ ಬರೆದು ಕೊಟ್ಟರೆ, ಇಳಿಯುವಾಗ ಅವರು ಕೇಳುವುದು ಮರೆಯುತ್ತಾರೆ, ಮನೆಗೆ ಹೋಗಿ ನನ್ನನ್ನು ಶಪಿಸುತ್ತಾರೆ.

ಇದಕ್ಕೆ ದಾರಿ ತೋರಿಸಿದವರು ಶೂನ್ಯ ಟಿಕೆಟ್ಟಿನವರೇ. ಬೆಳಿಗ್ಗೆ ಸೊಪ್ಪು, ಮೆಣಸಿನಕಾಯಿ ಮಾರಿ ಹನ್ನೊಂದರ ಹೊತ್ತಿಗೆ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಮರಳುವ ಹೆಂಗಸರ ಸೊಂಟದ ಚೀಲದಲ್ಲಿ ಊರಿನ ನಾಣ್ಯವೆಲ್ಲ ಇರುತ್ತದೆ. ಹಿಂದಿನ ಬಾಗಿಲ ಪಕ್ಕದ ಸೀಟಿನ ಅವ್ವನೊಬ್ಬಳು ಎಣಿಸಿ ಇನ್ನೂರು ರೂಪಾಯಿಯ ಚಿಲ್ಲರೆ ಕೊಡುತ್ತಾಳೆ, ನಾನು ನೋಟು ಕೊಡುತ್ತೇನೆ. ವಾರಕ್ಕೆ ನಾಲ್ಕು ದಿನವಾದರೂ ಇದು ನಡೆಯುತ್ತದೆ. ‘ನನಗೆ ಟಿಕೆಟ್ ಪುಕ್ಕಟೆ, ನಿನಗೆ ಚಿಲ್ಲರೆ ಪುಕ್ಕಟೆ’ ಎನ್ನುತ್ತಾಳೆ. ನೋಟನ್ನು ಮಾತ್ರ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಮಡಚಿಕೊಳ್ಳುತ್ತಾಳೆ.