ತುಳಿಯೋ ಗಾಡಿಯ ಆಯಸ್ಸು ಇರೋದು ಮುಂದಿನ ಚಕ್ರದ ಹಬ್‌ನಲ್ಲಿ: ನನ್ನ ಅನುಭವ

ಜಾತ್ರೆ, ಮೈದಾನಗಳಲ್ಲಿ ಮಕ್ಕಳ ಗಾಡಿ ಬಾಡಿಗೆಗೆ ಬಿಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಒಂದೇ ಮಗು ಓಡಿಸುವ ಗಾಡಿ ಬೇರೆ. ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಒಬ್ಬ ಇಳಿಯುತ್ತಿದ್ದಂತೆ ಇನ್ನೊಬ್ಬ ಹತ್ತುವ ಗಾಡಿ ಬೇರೆ. ನಮ್ಮ ಕೈಯಲ್ಲಿ ಉಳಿದ ಗಾಡಿ ಎಲ್ಲಿ ಬೇಕಾದರೂ ಉಳಿಯುತ್ತದೆ. ಹಾಗಾಗಿ ಮನೆಗೆ ತಗೊಳ್ಳುವವರಿಗೂ ಕೆಲವು ವಿಷಯ ಉಪಯೋಗಕ್ಕೆ ಬರಬಹುದು.

ದಾವಣಗೆರೆ, ಕೊಟ್ಟೂರು, ನಾಯಕನಹಟ್ಟಿ, ಕೊಪ್ಪಳ ಕಡೆಯ ಜಾತ್ರೆಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಬ್ಯಾಟರಿ ಕಾರು, ಬ್ಯಾಟರಿ ಜೀಪು. ನನ್ನ ಹತ್ತಿರವೂ ಅವೇ ಇದ್ದವು. ಅವನ್ನೆಲ್ಲ ಮಾರಿ ಪೆಡಲ್ ತುಳಿಯೋ ಮೂರು ಚಕ್ರದ ಗಾಡಿಗೆ ಬಂದಾಗ ಪಕ್ಕದ ಸ್ಟಾಲಿನ ಅಣ್ಣ ನೇರವಾಗಿ ಹೇಳಿದರು: "ಈ ಕಾಲದಾಗೆ ಯಾವ ಹುಡುಗ ತುಳೀತಾನೋ ತಮ್ಮಾ? ಬಟನ್ ಒತ್ತಿದ್ರೆ ಹೋಗ್ಬೇಕು ಅವಕ್ಕೆ. ಜಾಗದ ಬಾಡಿಗೇನೂ ಹುಟ್ಟಲ್ಲ ನೋಡು." ಮನೆಯಲ್ಲೂ ಅದೇ ಮಾತು. ಈಗ ಅದೇ ಅಣ್ಣ ನನ್ನ ಗಾಡಿಗಳನ್ನು ಮಗುಚಿ ಹಾಕಿ, ಚಕ್ರ ತಿರುಗಿಸಿ ನೋಡುತ್ತಾರೆ.

ಬ್ಯಾಟರಿ ಕಾರಿನ ಲೆಕ್ಕ ನಿಮಗೆಲ್ಲ ಗೊತ್ತೇ ಇದೆ. ಕಾರಿಗೆ ಎಂಟರಿಂದ ಹತ್ತು ಸಾವಿರ. 12 ವೋಲ್ಟಿನ ಸಣ್ಣ ಬ್ಯಾಟರಿ, ಎಡೆಬಿಡದೆ ಓಡಿಸಿದರೆ ಒಂದು ಗಂಟೆ ಬರುವುದೂ ಕಷ್ಟ, ಚಾರ್ಜಿಗೆ ಇಡೀ ರಾತ್ರಿ. ಜಾತ್ರೆಯಲ್ಲಿ ಕರೆಂಟ್ ಎಲ್ಲಿದೆ? ಜನರೇಟರ್‌ನವರಿಗೆ ದಿನಕ್ಕೆ ಇನ್ನೂರೋ ಮುನ್ನೂರೋ ಕೊಡಬೇಕು. ಜಾತ್ರೆ ಮುಗಿದು ಮಳೆಗಾಲ ಪೂರ್ತಿ ಚಾರ್ಜ್ ಮಾಡದೆ ಬಿಟ್ಟರೆ ಬ್ಯಾಟರಿ ಸತ್ತಂತೆಯೇ. ಒಂದೊಂದಕ್ಕೆ ಮತ್ತೆ ಸಾವಿರ ರೂಪಾಯಿ. ಮೇಲಿಂದ ಗೇರ್ ಬಾಕ್ಸಿನ ಪ್ಲಾಸ್ಟಿಕ್ ಹಲ್ಲು. ಅಪ್ಪಂದಿರು ಕಾರನ್ನು ಹಿಂದಿನಿಂದ ತಳ್ಳಿದರೆ ಅದು ಉದುರುತ್ತದೆ. ಬೇಡ ಅಂದರೂ ತಳ್ಳುತ್ತಾರೆ.

ತುಳಿಯೋ ಗಾಡಿಗೆ ಇದ್ಯಾವುದೂ ಇಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಮೂರು ಚಕ್ರದ ಗಾಡಿಯನ್ನು ತಂದು ಹಾಗೇ ಬಾಡಿಗೆಗೆ ಬಿಟ್ಟರೆ ಒಂದು ಜಾತ್ರೆಯನ್ನೂ ದಾಟುವುದಿಲ್ಲ. ಮೊದಲ ಕಂತಿನಲ್ಲಿ ತಂದ ಗಾಡಿಗಳು ಒಂದೊಂದು ಸಾವಿರದ ಇನ್ನೂರು, ಮುನ್ನೂರರವು. ಬಣ್ಣ ಚೆನ್ನಾಗಿತ್ತು, ಮುಂದೆ ಬುಟ್ಟಿ, ಹಾಡುವ ಹಾರ್ನ್. ಕೊಟ್ಟೂರಿನ ತೇರು ಎಳೆಯುವ ಹೊತ್ತಿಗೆ ಅರ್ಧಕ್ಕರ್ಧ ಮೂಲೆ ಸೇರಿದ್ದವು. ಎಲ್ಲವೂ ಕೆಟ್ಟಿದ್ದು ಒಂದೇ ಜಾಗದಲ್ಲಿ. ಹುಡುಗ ತುಳಿಯುತ್ತಾನೆ, ಪೆಡಲ್ ತಿರುಗುತ್ತದೆ, ಗಾಡಿ ನಿಂತಲ್ಲೇ ನಿಂತಿರುತ್ತದೆ.

ಬಿಚ್ಚಿ ನೋಡಿದರೆ ವಿಷಯ ಇಷ್ಟೇ. ಎರಡೂ ಪೆಡಲ್‌ಗಳಿಗೆ ಒಂದೇ ಬಗ್ಗಿಸಿದ ಕಬ್ಬಿಣದ ಸರಳು. ಅದು ಮುಂದಿನ ಚಕ್ರದ ನಡುವೆ ಹಾದುಹೋಗುತ್ತದೆ. ಸರಳನ್ನು ಒಂದು ಕಡೆ ಜಜ್ಜಿ ಸಣ್ಣ ಕಿವಿಯ ಹಾಗೆ ಚಪ್ಪಟೆ ಮಾಡಿರುತ್ತಾರೆ. ಆ ಕಿವಿ ಕೂರಲು ಚಕ್ರದ ನಡುವಿನ ಪ್ಲಾಸ್ಟಿಕ್ ಹಬ್‌ನಲ್ಲಿ ಒಂದು ಸೀಳು. ಮಗುವಿನ ಕಾಲಿನ ಬಲವೆಲ್ಲ ಆ ಕಿವಿಯಿಂದಲೇ ಚಕ್ರಕ್ಕೆ ಹೋಗಬೇಕು. ಮಗು ಒಮ್ಮೆ ಮುಂದಕ್ಕೆ ತುಳಿಯುತ್ತದೆ, ನಿಲ್ಲಿಸಲು ಹಿಂದಕ್ಕೆ ಒತ್ತುತ್ತದೆ. ಕಬ್ಬಿಣ ಪ್ಲಾಸ್ಟಿಕ್ಕನ್ನು ಎರಡೂ ಕಡೆಯಿಂದ ತಿನ್ನುತ್ತಾ ಹೋಗುತ್ತದೆ. ನೇರ ಇದ್ದ ಸೀಳು ಮೊದಲು ಅಗಲವಾಗಿ, ಆಮೇಲೆ ದುಂಡಗಾಗುತ್ತದೆ. ಹಬ್‌ನಿಂದ ಬಿಳಿ ಪುಡಿ ಉದುರಲು ಶುರುವಾಯಿತು ಅಂದರೆ ಆ ಗಾಡಿಗೆ ಉಳಿದಿರುವುದು ಎರಡು ಮೂರು ಸಂಜೆ ಅಷ್ಟೇ.

ಅದಕ್ಕೇ ನಾನೀಗ ಅಂಗಡಿಗೆ ಹೋದರೆ ಬಣ್ಣ, ಬಾಡಿ, ಬುಟ್ಟಿ ಯಾವುದನ್ನೂ ನೋಡುವುದಿಲ್ಲ. ಮುಂದಿನ ಚಕ್ರವನ್ನು ಎರಡು ಮೊಣಕಾಲ ನಡುವೆ ಬಿಗಿಯಾಗಿ ಹಿಡಿದು ಪೆಡಲನ್ನು ಹಿಂದೆ ಮುಂದೆ ಅಲುಗಾಡಿಸುತ್ತೇನೆ. ಚಕ್ರ ಅಲುಗುವ ಮೊದಲೇ ಪೆಡಲ್ ಒಂದು ಬೆರಳಿನಷ್ಟು ಸರಿದರೆ ಆ ಗಾಡಿ ಬೇಡ. ಹೊಸದರಲ್ಲೇ ಅಷ್ಟು ಆಟ ಇದ್ದರೆ ಆಮೇಲೆ ಏನು ಗತಿ? ಆಮೇಲೆ ಸೀಟಿನ ಕೆಳಗೆ ಪೈಪಿನ ಬಾಯಿಗೆ ಹಾಕಿದ ಪ್ಲಾಸ್ಟಿಕ್ ಮುಚ್ಚಳ ಕಿತ್ತು ಪೈಪಿನ ದಪ್ಪ ನೋಡುತ್ತೇನೆ. 20 ಗೇಜ್ ಪೈಪ್ ಒಂದು ಮಿಲಿಮೀಟರೂ ಇರುವುದಿಲ್ಲ. 16 ಗೇಜ್ ಒಂದೂವರೆ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ನಮಗೆ ಬೇಕಾಗಿದ್ದು ಅದು. ಅಂಗಡಿಯವರು ಮುಖ ಗಂಟು ಹಾಕಿಕೊಂಡರೂ ಪರವಾಗಿಲ್ಲ, ಮುಚ್ಚಳ ಕಿತ್ತು ನೋಡಿ.

ಇನ್ನೊಂದು ವಿಷಯ, ಹಿಂದಿನ ಚಕ್ರ ಹೇಗೆ ನಿಂತಿದೆ ಅನ್ನುವುದು. ಚಕ್ರದ ಅಚ್ಚಿನ (ಆಕ್ಸಲ್) ತುದಿಗೆ ಬಡಿದು ಕೂರಿಸಿದ ತಗಡಿನ ಟೋಪಿ ಇದ್ದರೆ ಬಿಡಿ. ಅದನ್ನು ಕಿತ್ತರೆ ಮತ್ತೆ ಕೂರುವುದಿಲ್ಲ, ಚಕ್ರ ಬದಲಿಸಲು ದಾರಿಯೇ ಇಲ್ಲ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ಸಡಿಲವಾಗದ ನಟ್) ಅಥವಾ ಸ್ಪ್ಲಿಟ್ ಪಿನ್ (ತೂತಿನಲ್ಲಿ ತೂರಿಸಿ ಕಾಲು ಬಗ್ಗಿಸುವ ಪಿನ್) ಇರಬೇಕು. ನಮ್ಮ ಬೀದಿಯ ಸೈಕಲ್ ಶಾಪಿನಲ್ಲಿ ಬಿಚ್ಚಿ ಕಟ್ಟಲು ಆಗದ ಗಾಡಿಯನ್ನು ನಾನು ಎಷ್ಟೇ ಅಗ್ಗವಾದರೂ ಮುಟ್ಟುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಚಂದವಿಲ್ಲದ, ಭಾರದ ಕಬ್ಬಿಣದ ಗಾಡಿ. ಎರಡೂವರೆಯಿಂದ ಮೂರೂವರೆ ಸಾವಿರ. ದೆಹಲಿಯ ಝಂಡೇವಾಲಾನ್ ಸೈಕಲ್ ಮಾರುಕಟ್ಟೆಯಿಂದ ಬರುವ ಮಾಲಿನಲ್ಲಿ ಇಂಥವು ಸಿಗುತ್ತವೆ. ನಾಲ್ಕೈದು ಜನ ಸೇರಿ ತರಿಸಿದರೆ ಲಾರಿ ಬಾಡಿಗೆ ಹಂಚಿಕೊಳ್ಳಬಹುದು. ಐಎಸ್‌ಐ ಗುರುತು ಮಾತ್ರ ನೋಡಿಯೇ ತಗೊಳ್ಳಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಅದು ಕಡ್ಡಾಯ. ಆಟಿಕೆಯ ಆಮದು ಸುಂಕವೂ ಏರಿತು: 2020ರಲ್ಲಿ 20ರಿಂದ 60 ಪರ್ಸೆಂಟಿಗೆ, 2023ರಲ್ಲಿ 70ಕ್ಕೆ. ಹೀಗಾಗಿ ಹೊರಗಿನ ಅಗ್ಗದ ಮಾಲು ಮೊದಲಿನ ಹಾಗೆ ಬರುವುದಿಲ್ಲ. ಗುರುತಿಲ್ಲದ ಗಾಡಿ ಕಡಿಮೆಗೆ ಕೊಡ್ತೀವಿ ಅಂತ ಯಾರಾದರೂ ಬಂದರೆ ಕೈ ಮುಗಿದು ಕಳಿಸಿ. ಚೂಪು ಅಂಚು, ಬೆರಳು ಸಿಕ್ಕಿಕೊಳ್ಳುವ ಸಂದು, ಬಣ್ಣದಲ್ಲಿನ ಸೀಸ ಎಲ್ಲ ಪರೀಕ್ಷೆಯಾಗಿ ಬರುವುದು ಮಕ್ಕಳ ಒಳ್ಳೆಯದಕ್ಕೇ ಅಲ್ವಾ.

ಕಬ್ಬಿಣದ ಗಾಡಿ ತಂದರೂ ಹಬ್ ಪ್ಲಾಸ್ಟಿಕ್ಕಿನದೇ ಆಗಿದ್ದರೆ ಕೆಲಸ ಬಾಕಿ ಇದೆ. ನಾನು ಮಾಡಿಸಿದ್ದು ಹೀಗೆ. 3 ಮಿಲಿಮೀಟರ್ ದಪ್ಪದ ಎಂಎಸ್ (ಸಾದಾ ಉಕ್ಕಿನ) ಪ್ಲೇಟಿನಲ್ಲಿ ಅಂಗೈಯಗಲದ ಎರಡು ದುಂಡನೆ ಬಿಲ್ಲೆ. ಚಕ್ರದ ಎರಡೂ ಕಡೆ ಒಂದೊಂದು. 6 ಎಂಎಂ ಬೋಲ್ಟ್ ನಾಲ್ಕು, ಚಕ್ರದ ಆಚೆಯಿಂದ ಈಚೆಗೆ. ಒಂದು ಬಿಲ್ಲೆ ಸರಳಿಗೆ ವೆಲ್ಡ್ ಆಗುತ್ತದೆ. ಈಗ ಬಲ ಹೋಗುವುದು ಸರಳಿನಿಂದ ಬಿಲ್ಲೆಗೆ, ಬಿಲ್ಲೆಯಿಂದ ನಾಲ್ಕು ಬೋಲ್ಟಿಗೆ. ಪ್ಲಾಸ್ಟಿಕ್ ಸುಮ್ನೆ ಉರುಳಿದರೆ ಸಾಕು. ಇನ್ನೊಂದು ಕಡೆಯ ಬಿಲ್ಲೆಯನ್ನು ಬಿಚ್ಚಲು ಬರುವ ಹಾಗೆ ಕೀ (ಸರಳೂ ಬಿಲ್ಲೆಯೂ ಒಟ್ಟಿಗೆ ತಿರುಗುವಂತೆ ನಡುವೆ ಕೂರಿಸುವ ಕಬ್ಬಿಣದ ತುಂಡು) ಹಾಕಿ ಕೂರಿಸಿದ್ದೇನೆ. ಆ ಕೀ ಹೇಗೆ, ಎಲ್ಲಿ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನೂ ಲೇತ್ (ಕಬ್ಬಿಣ ಕಡೆಯುವ ಯಂತ್ರ) ಅಂಗಡಿಯ ಚಾಚಾನೂ ತುಂಬಾ ತಲೆ ಕೆಡಿಸಿಕೊಂಡಿದ್ದೇವೆ. ಪ್ಲೇಟು, ಬೋಲ್ಟು, ಕೂಲಿ ಎಲ್ಲ ಸೇರಿ ಚಕ್ರಕ್ಕೆ ಮುನ್ನೂರೈವತ್ತರಿಂದ ನಾನೂರು ಬಿತ್ತು. ಬೋಲ್ಟಿನ ತಲೆ ಒಳಗೆ ಹುದುಗಿರಬೇಕು, ಬೆಸುಗೆಯ ಮೇಲೆ ಅರ ಆಡಿಸಿರಬೇಕು. ಮಗುವಿನ ಕಾಲು ಅಲ್ಲೇ ಓಡಾಡುತ್ತದೆ.

ಚಾಚಾ ಮೊದಲು ಒಪ್ಪಿರಲಿಲ್ಲ. "ಸರಳೇ ಬಗ್ಗುತ್ತೆ, ಆಮೇಲೆ ನನ್ನ ಹೆಸರು ಹೇಳಬೇಡ" ಅಂದಿದ್ದರು. ಅವರ ಮಾತು 10 ಎಂಎಂ ಸರಳಿಗೆ ಸರಿಯಾಗಿಯೇ ಇತ್ತು. ಹತ್ತು ವರ್ಷದ ಹುಡುಗ ಕಣ್ಣು ತಪ್ಪಿಸಿ ಹತ್ತಿ ಪೆಡಲ್ ಮೇಲೆ ನಿಂತರೆ ಅದು ಬಗ್ಗುತ್ತದೆ. 12 ಎಂಎಂ ಬಗ್ಗಲಿಲ್ಲ. ಈಗ ಅವರೇ ಬಂದವರಿಗೆ ತೋರಿಸುತ್ತಾರೆ.

ಸರಳು ಫೋರ್ಕಿನಲ್ಲಿ (ಮುಂದಿನ ಚಕ್ರವನ್ನು ಹಿಡಿದ ಕವೆ) ಕೂರುವ ಜಾಗಕ್ಕೆ ಲೇತಿನಲ್ಲಿ ಕಡೆದ ನೈಲಾನ್ ಬುಷ್ (ಸರಳು ಒಳಗೆ ತಿರುಗುವ ಬಳೆ) ಹಾಕಿ, ಒಂದಕ್ಕೆ ಮೂವತ್ತು ನಲವತ್ತು ರೂಪಾಯಿ. ಅದಕ್ಕೆ ಗ್ರೀಸ್ ಬೇಡ. ನಮ್ಮ ಕಡೆ ಎರೆ ಮಣ್ಣಿನ ಧೂಳು ಗ್ರೀಸಿಗೆ ಅಂಟಿತು ಅಂದರೆ ಅದೇ ಅರದ ಹಾಗೆ ಉಜ್ಜಿ ತಿನ್ನುತ್ತದೆ. ಹಿಂದಿನ ಚಕ್ರಕ್ಕೆ 6201 ನಂಬರಿನ ಬೇರಿಂಗ್, ಎರಡೂ ಬದಿ ರಬ್ಬರ್ ಸೀಲ್ ಇರುವುದು. ತಗಡಿನ ಮುಚ್ಚಳದ್ದು ಅಗ್ಗ, ಆದರೆ ಧೂಳು ಒಳಗೆ ಹೋಗುತ್ತದೆ. ಬೇರಿಂಗ್ ಹಾಕಿದ ಮೇಲೆ ನಾಲ್ಕು ವರ್ಷದ ಮಗು ಕೂಡ ಹುಲ್ಲಿನ ಮೇಲೆ ತುಳಿದುಕೊಂಡು ಹೋಗುತ್ತದೆ. ಅಷ್ಟು ಹಗುರ. ಆಸೆಗೆ ಪೆಡಲ್‌ಗೂ ಬೇರಿಂಗ್ ಹಾಕಿಸಿ ನೋಡಿದೆ. ಏನೂ ವ್ಯತ್ಯಾಸ ಆಗಲಿಲ್ಲ, ದುಡ್ಡು ದಂಡ.

ಟೈರಿನ ವಿಷಯದಲ್ಲಿ ಬಹಳ ಪ್ರಯೋಗ ಮಾಡಿದ್ದೇನೆ. ಬರೀ ಪ್ಲಾಸ್ಟಿಕ್ ಚಕ್ರ ಸಿಮೆಂಟಿನ ಮೇಲೆ ಗಡಗಡ ಅನ್ನುತ್ತದೆ, ಹುಲ್ಲಿನ ಮೇಲೆ ಜಾರುತ್ತದೆ. 12 ಇಂಚಿನ ಗಾಳಿ ಟೈರ್ ಹಾಕಿದೆ. ಓಡುವುದು ಸೊಗಸು, ಆದರೆ ಜಾಲಿ ಮುಳ್ಳು, ನೆಗ್ಗಿಲು ಮುಳ್ಳು ಬಿಡಬೇಕಲ್ಲ? ಕೊಪ್ಪಳದಲ್ಲಿ ಗವಿಮಠದ ಜಾತ್ರೆಯ ಸಮಯ, ಜನವರಿ, ಮುಳ್ಳೆಲ್ಲ ಒಣಗಿ ಗಟ್ಟಿಯಾಗಿರುತ್ತದೆ. ಗಾಡಿಗಿಂತ ಪಂಕ್ಚರ್ ಡಬ್ಬಿಯೇ ಜಾಸ್ತಿ ಓಡಾಡಿತು. ಟ್ಯೂಬಿನೊಳಗೆ ಸೀಲಂಟ್ ಬಿಟ್ಟೆ, ಸಣ್ಣ ಮುಳ್ಳಿಗೆ ತಡೆಯಿತು, ಜಾಲಿಗೆ ತಡೆಯಲಿಲ್ಲ. ಫೋಮಿನ ಟೈರ್ ಹಗುರ, ಬಿಸಿಲಿಗೆ ಬಿರುಕು ಬಿಡುತ್ತದೆ. ಆಸ್ಪತ್ರೆ ಟ್ರಾಲಿಯ ಚಕ್ರವನ್ನೂ ಹಿಂದೆ ಹಾಕಿ ನೋಡಿದೆ, ಮಣ್ಣಿನಲ್ಲಿ ಹೂತುಕೊಂಡಿತು. ಕೊನೆಗೆ ನಿಂತಿದ್ದು ಗಟ್ಟಿ ರಬ್ಬರಿನ ಟೈರ್. ಸ್ವಲ್ಪ ಭಾರ. ಆದರೆ ಬೇರಿಂಗ್ ಇರುವುದರಿಂದ ಭಾರ ಗೊತ್ತಾಗುವುದಿಲ್ಲ.

ಹ್ಯಾಂಡಲ್ ಹಿಡಿಗೆ ಚನ್ನಪಟ್ಟಣದಲ್ಲಿ ಆಲೆಮರದ ಹಿಡಿ ಕಡೆಸಿ ಅರಗಿನ ಬಣ್ಣ ಹಾಕಿಸಿದ್ದೆ. ಎಷ್ಟು ಚಂದ ಅಂದರೆ ತಾಯಂದಿರು ಮುಟ್ಟಿ ನೋಡುತ್ತಿದ್ದರು. ಬೆವರಿಗೆ ಕೈ ಜಾರುತ್ತಿರಲಿಲ್ಲ. ಗಾಡಿ ಮಗುಚಿ ಬಿದ್ದಾಗ ಮಾತ್ರ ತುದಿ ಸೀಳುತ್ತಿತ್ತು, ಆ ಮರ ಮೃದು. ಮನೆಯ ಗಾಡಿಗೆ ಖಂಡಿತ ಹಾಕಿಸಿ. ಬಾಡಿಗೆ ಗಾಡಿಗೆ ದಪ್ಪ ರಬ್ಬರ್ ಹಿಡಿಯೇ ಸರಿ. ಹಿಡಿಯ ತುದಿ ಮುಚ್ಚಿದ್ದಿರಬೇಕು. ಪೈಪಿನ ಬರಿಯ ಬಾಯಿ ಹೊಟ್ಟೆಗೆ ಚುಚ್ಚಿದರೆ ಕೆಟ್ಟ ಗಾಯ.

ಜಾಗದ ಬಗ್ಗೆ ಒಂದೇ ಮಾತು: ಸಮತಟ್ಟಾಗಿರಲಿ. ಮುಂದಿನ ಚಕ್ರಕ್ಕೇ ಪೆಡಲ್ ಇರುವ ಗಾಡಿಗೆ ಫ್ರೀವೀಲ್ ಇಲ್ಲ, ಬ್ರೇಕೂ ಇಲ್ಲ. ಇಳಿಜಾರಿನಲ್ಲಿ ಚಕ್ರದ ಜೊತೆ ಪೆಡಲ್ ಗಿರಗಿರ ತಿರುಗಿ ಮೊಣಕಾಲ ಕೆಳಗೆ ಬಡಿಯುತ್ತದೆ. ಆರು ದಾಟಿದ ಮಕ್ಕಳಿಗೆ ನಾನು ಚೈನ್ ಇರುವ ನಾಲ್ಕು ಚಕ್ರದ ಗಾಡಿ ಇಟ್ಟಿದ್ದೇನೆ, ಕೈ ಬ್ರೇಕ್ ಸಮೇತ. ಚೈನಿಗೆ ಎರಡೂ ಬದಿ ಪೂರ್ತಿ ಮುಚ್ಚಿದ ಕವರ್ ಇಲ್ಲದ್ದನ್ನು ತಂದವರು ಕೂಡಲೇ ತಗಡು ಹೊಡೆಸಿ. ಒಂದು ಪುಟ್ಟ ಬೆರಳು ಸಿಕ್ಕಿಕೊಂಡರೆ ಯಾವ ದುಡ್ಡಿಗೂ ಅದು ವಾಪಸ್ ಬರುವುದಿಲ್ಲ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಗಾಡಿ ಮೂರು ಸಾವಿರ, ಮೇಲೆ ಸಾವಿರದ ಹತ್ತಿರ ಕೆಲಸ. ಒಟ್ಟು ನಾಲ್ಕು. ಬ್ಯಾಟರಿ ಕಾರು ಒಂದರ ದುಡ್ಡಿಗೆ ಎರಡು ಗಾಡಿ ಬಂದವು. ಬ್ಯಾಟರಿಯವರು ಐದು ನಿಮಿಷಕ್ಕೆ ಐವತ್ತು ತಗೊಳ್ಳುತ್ತಾರೆ. ನಾನು ಹತ್ತು ನಿಮಿಷಕ್ಕೆ ಮೂವತ್ತು. ಕಡಿಮೆ ಅನ್ನಿಸಬಹುದು. ಆದರೆ ಅವರ ಕಾರು ಚಾರ್ಜ್ ಮುಗಿದು ರಾತ್ರಿ ಎಂಟಕ್ಕೆ ನಿಲ್ಲುತ್ತದೆ, ಜಾತ್ರೆಯಲ್ಲಿ ಜನ ಜಾಸ್ತಿಯಾಗುವುದೇ ಎಂಟಕ್ಕೆ. ಒಳ್ಳೆಯ ರಾತ್ರಿ ನನ್ನ ಒಂದೊಂದು ಗಾಡಿ ನಾನೂರು ಐನೂರು ತರುತ್ತದೆ. ಒಂದು ಜಾತ್ರೆ ಹತ್ತು ದಿನ ಚೆನ್ನಾಗಿ ನಡೆದರೆ ಗಾಡಿ ತನ್ನ ಬೆಲೆ ತಾನೇ ದುಡಿದುಕೊಂಡಂತೆ.

ಮಕ್ಕಳು ತುಳಿಯುವುದಿಲ್ಲ ಅನ್ನುವುದು ಸುಳ್ಳು. ಬ್ಯಾಟರಿ ಕಾರಿನಿಂದ ಇಳಿಸುವಾಗ ಮಕ್ಕಳು ಅಳುತ್ತಾರೆ, ಅಪ್ಪ ಅಮ್ಮ ಎಳೆದುಕೊಂಡು ಹೋಗುತ್ತಾರೆ. ತುಳಿದ ಮಗು ಹತ್ತು ನಿಮಿಷಕ್ಕೆ ಮೈ ಬೆವರಿ, ತಾನೇ ಇಳಿದು ನೀರು ಕೇಳುತ್ತದೆ. ಮಾರನೆಯ ದಿನ ಅಜ್ಜಿಯನ್ನು ಎಳೆದುಕೊಂಡು ಬಂದು ಅದೇ ಕೆಂಪು ಗಾಡಿ ಬೇಕು ಅನ್ನುತ್ತದೆ. ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಮಳೆಗಾಲಕ್ಕೆ ಎತ್ತಿಡುವಾಗ ಫ್ರೇಮಿನ ತೀರಾ ಕೆಳಗಿನ ಜಾಗದಲ್ಲಿ 4 ಎಂಎಂ ತೂತು ಹೊಡೆಯಿರಿ. ಬೆಸುಗೆಯಿಂದ ಎರಡು ಬೆರಳು ದೂರ ಇರಲಿ. ಪೈಪಿನೊಳಗೆ ನಿಂತ ನೀರು ಹೊರಗೆ ಬರುತ್ತದೆ. ಹೊರಗಿನ ಪೌಡರ್ ಕೋಟಿಂಗ್ ಎಷ್ಟು ಚೆನ್ನಾಗಿದ್ದರೂ ಗಾಡಿ ತುಕ್ಕು ಹಿಡಿಯುವುದು ಒಳಗಿನಿಂದ. ಸೀಟಿನ ಬೋಲ್ಟಿನಡಿ ಎರಡು ಇಂಚಿನ ವಾಷರ್ ಹಾಕಿ, ಇಲ್ಲದಿದ್ದರೆ ಸೀಟು ತೂತಿನಿಂದಲೇ ಸೀಳುತ್ತದೆ. ಸೀಟು ಪ್ಲಾಸ್ಟಿಕ್ಕಿನದು, ಅದನ್ನು ಬಿಸಿಲಿನಲ್ಲಿ ಬಿಡಬೇಡಿ.

ದಾವಣಗೆರೆಯ ದುಗ್ಗಮ್ಮನ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಎರಡು ದುಗ್ಗಮ್ಮನ ಜಾತ್ರೆ, ನಡುವಿನ ಸಣ್ಣಪುಟ್ಟ ಜಾತ್ರೆಗಳನ್ನೆಲ್ಲ ಕಂಡ ಗಾಡಿಗಳು ಅದೇ ಬಿಲ್ಲೆಯ ಮೇಲೆ ಈಗಲೂ ಓಡುತ್ತಿವೆ. ಬುಷ್ ಒಂದು ಸಲ ಬದಲಿಸಿದ್ದೇನೆ, ಹಿಡಿ ಎರಡು ಸಲ. ಮಾಡಿಕೊಡಿ, ದುಡ್ಡು ಕೊಡ್ತೀವಿ ಅಂತ ಕೇಳಿದವರಿದ್ದಾರೆ. ಆಟಿಕೆ ತಯಾರಿಸಿ ಮಾರಲು ಐಎಸ್‌ಐ ಗುರುತು ಕೊಡುವ ಬಿಐಎಸ್ ಸಂಸ್ಥೆಯ ಲೈಸೆನ್ಸ್ ಬೇಕು, ನನ್ನ ಹತ್ತಿರ ಇಲ್ಲ, ಹಾಗಾಗಿ ಮಾರುವುದಿಲ್ಲ. ಕೊಪ್ಪಳಕ್ಕೆ ಬಂದರೆ ಸ್ಟಾಲಿಗೆ ಬನ್ನಿ, ಗಾಡಿ ಮಗುಚಿ ನೋಡಿ. ನಿಮ್ಮ ಗಾಡಿಯ ಚಕ್ರ ಬಿಚ್ಚಿಕೊಂಡೇ ಬಂದರೆ ಇನ್ನೂ ಒಳ್ಳೆಯದು, ಬಿಲ್ಲೆಯ ಅಳತೆ ಅಲ್ಲೇ ತೆಗೆದು ಕೊಡುತ್ತೇನೆ.